ತಲೆ ಮರಳಿ ಮೊಳೆಯುವವರು, ಸತ್ತು ಎದ್ದು ಬರುವವರು: 44 ತೂತಿನ ಕಾರ್ಡ್ ಕಟ್ಟು

ಪೆಟ್ಟು ತಿಂದೂ ಮರಳಿ ಬರುವ ಶಕ್ತಿಯಲ್ಲಿ ದೇವಿಯ ಕಥೆಯ ರಕ್ತಬೀಜ ಹೆಚ್ಚೋ ಕಾಮಿಕ್ಸ್ ನಾಯಕ ವೊಲ್ವರಿನ್ ಹೆಚ್ಚೋ ಎಂಬ ವಾದ ಶುರುವಾದರೆ ಮುಗಿಯುವುದಿಲ್ಲ. ಹತ್ತು ಮೆಟ್ಟಿಲಿನ ಏಣಿ ಮಾಡಿ ಒಬ್ಬೊಬ್ಬರನ್ನು ಒಂದೊಂದು ಮೆಟ್ಟಿಲ ಮೇಲೆ ಕೂರಿಸಿದ ಪಟ್ಟಿಗಳು ಬೇಕಾದಷ್ಟಿವೆ. ನಾಲ್ಕನೇ ಹೆಸರಿಗೆ ಬರುವಷ್ಟರಲ್ಲಿ ಏಣಿ ಅಲ್ಲಾಡುತ್ತದೆ. ರಕ್ತಬೀಜನ ಗಾಯ ಮಾಯುವುದೇ ಇಲ್ಲ. ಅವನ ರಕ್ತ ನೆಲಕ್ಕೆ ಬಿದ್ದರೆ ಅವನಷ್ಟೇ ಬಲದ ಬೇರೆಯವರು ಹುಟ್ಟುತ್ತಾರೆ, ಅಷ್ಟೆ. ವೊಲ್ವರಿನ್‌ನ ಗಾಯ ಮಾಯುತ್ತದೆ, ಆದರೆ ಅವನು ಇಬ್ಬರಾಗುವುದಿಲ್ಲ. ಇವರಿಬ್ಬರನ್ನು ಒಂದೇ ಅಳತೆಗೆ ಹಚ್ಚುವುದು ಭತ್ತವನ್ನು ಮೀಟರಿನಲ್ಲಿ ಅಳೆದ ಹಾಗೆ.

ಹಾಗಾಗಿ ಇಲ್ಲಿ ಏಣಿ ಇಲ್ಲ. ಅಂಚಿನ ಸುತ್ತ ತೂತು ಇರುವ ಕಾರ್ಡು, ಒಂದು ಸ್ವೆಟರ್ ಕಡ್ಡಿ, ಒಂದು ಕತ್ತರಿ. ಕಾರ್ಡಿಗೊಂದು ಪಾತ್ರ, ತೂತಿಗೊಂದು ಗುಣ. ಗುಣ ಇದ್ದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸಿ ಕಚ್ಚು ಮಾಡುವುದು. ಇಲ್ಲದಿದ್ದರೆ ತೂತನ್ನು ಹಾಗೇ ಬಿಡುವುದು. ಕಟ್ಟಿನ ಆ ತೂತಿಗೆ ಕಡ್ಡಿ ತೂರಿಸಿ ಎತ್ತಿದರೆ ಕಚ್ಚು ಇರುವ ಕಾರ್ಡುಗಳು ಕೆಳಗೆ ಉದುರುತ್ತವೆ, ಉಳಿದವು ಕಡ್ಡಿಯಲ್ಲೇ ನೇತಾಡುತ್ತವೆ. ಕಂಪ್ಯೂಟರ್ ಬರುವ ಮುಂಚೆ ಗ್ರಂಥಾಲಯಗಳಲ್ಲಿ, ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದ್ದ ಉಪಾಯ ಇದು. ವಿಷಯವನ್ನು ಒಂದೇ ಸಾಲಿನಲ್ಲಿ ನಿಲ್ಲಿಸದೆ ಹಲವು ಮುಖಗಳಿಂದ ನೋಡಬೇಕೆಂಬ ವಿಚಾರ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ಪುಸ್ತಕ ವಿಂಗಡಿಸಲು ಮಾಡಿದ ಕೋಲನ್ ವರ್ಗೀಕರಣದ್ದು, 1933ರದು. ಕಾರ್ಡಿಗೆ ನಾಲ್ಕು ಅಂಚಿರುವುದರಿಂದ ನಾಲ್ಕು ಮುಖಗಳು ಸಲೀಸಾಗಿ ಸಿಗುತ್ತವೆ.

ಎಕ್ಸೆಲ್‌ನಲ್ಲೂ ಈ ಕೆಲಸ ಆಗುತ್ತದೆ, ನಿಜ. ಆದರೆ ಅಲ್ಲಿ "ಸ್ವಲ್ಪ ಮಟ್ಟಿಗೆ", "ಕೆಲವೊಮ್ಮೆ" ಎಂದು ಬರೆದು ಜಾರಿಕೊಳ್ಳಬಹುದು. ಕತ್ತರಿ ಅರ್ಧ ಕಚ್ಚು ಹಾಕುವುದಿಲ್ಲ. ಇದೆಯೋ ಇಲ್ಲವೋ ಎಂದು ಕೂತವರು ತೀರ್ಮಾನಿಸಲೇಬೇಕು. ಈ ಕಟ್ಟಿನ ಲಾಭದಲ್ಲಿ ಅರ್ಧ ಪಾಲು ಅದೇ.

ಬೇಕಾದ ಸಾಮಾನು

120 ಕಾರ್ಡಿನ ಕಟ್ಟಿಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಐವರಿ ಬೋರ್ಡ್, 22×28 ಅಂಗುಲದ ಹಾಳೆ 11. ಒಂದು ಹಾಳೆಯಲ್ಲಿ 200×125 ಮಿ.ಮೀ. ಅಳತೆಯ 12 ಕಾರ್ಡು ಬರುತ್ತವೆ: 28 ಅಂಗುಲದ ಕಡೆಗೆ 3, 22 ಅಂಗುಲದ ಕಡೆಗೆ 4. ಅಡ್ಡ ತಿರುಗಿಸಿ ಕತ್ತರಿಸಿದರೆ 10 ಮಾತ್ರ. ಹನ್ನೊಂದನೇ ಹಾಳೆ ಮಾದರಿ ಕಾರ್ಡಿಗೆ, ಪರೀಕ್ಷೆಗೆ. ದಾವಣಗೆರೆಯಲ್ಲಿ ಲಗ್ನಪತ್ರಿಕೆ ಮಾಡುವ ಪ್ರೆಸ್‌ಗಳಲ್ಲಿ ಈ ಬೋರ್ಡು ಸದಾ ಇರುತ್ತದೆ, ಕಟಿಂಗ್ ಮಷಿನ್ನೂ ಅಲ್ಲೇ. ಲಗ್ನದ ಸೀಸನ್ನಿನಲ್ಲಿ ಹೋದರೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಆಷಾಢದಲ್ಲಿ ಹೋಗಿ.

ಕತ್ತರಿಸಲು ಕೊಡುವ ಮುನ್ನ ಬೋರ್ಡನ್ನು ಎರಡೂ ಕಡೆ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಸುರುಳಿಯಾಗುತ್ತದೋ, ಆ ಸುರುಳಿಯ ಉದ್ದಕ್ಕೆ ಗ್ರೇನ್, ಅಂದರೆ ಕಾಗದದ ನಾರು, ಇದೆ ಎಂದರ್ಥ. ಎಲ್ಲ ಹಾಳೆಗಳ ಗ್ರೇನ್ ಒಂದೇ ದಿಕ್ಕಿಗಿರಲಿ. ಬೇರೆ ಬೇರೆ ದಿಕ್ಕಿನವು ಬೆರೆತರೆ ಮಳೆಗಾಲದಲ್ಲಿ ಕೆಲವು ಅಗಲಕ್ಕೆ, ಕೆಲವು ಉದ್ದಕ್ಕೆ ಹಿಗ್ಗಿ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ.

3.25 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸ್ವೆಟರ್ ಕಡ್ಡಿ, ಅಂದರೆ ಅಂಗಡಿಯ 10 ನಂಬರು, ಎರಡು ಬೇಕು. ಸೈಕಲ್ ಸ್ಪೋಕೂ ನಡೆಯುತ್ತದೆ, ಆದರೆ 2 ಮಿ.ಮೀ. ಕಡ್ಡಿ 6 ಮಿ.ಮೀ. ತೂತಿನಲ್ಲಿ ಅತ್ತಿತ್ತ ಓಡಾಡಿ ಕಾರ್ಡುಗಳು ಓರೆಯಾಗಿ ನಿಲ್ಲುತ್ತವೆ. ಮಿಕ್ಕಂತೆ ಚೂಪು ತುದಿಯ ಕತ್ತರಿ, ಒಂಟಿ ತೂತಿನ ಇಕ್ಕಳದ ಪಂಚ್, ಉಕ್ಕಿನ ಸ್ಕೇಲು, ಗಟ್ಟಿ ಪೆನ್ಸಿಲ್, ಪೆಟ್ಟಿಗೆಗೆ 3 ಮಿ.ಮೀ. ಬೈಂಡಿಂಗ್ ರಟ್ಟು.

ತೂತು ಹಾಕುವುದು

ಮಾದರಿ ಕಾರ್ಡಿನ ನಾಲ್ಕೂ ಅಂಚಿನಿಂದ 7 ಮಿ.ಮೀ. ಒಳಗೆ ಗೆರೆ ಎಳೆಯಿರಿ. ಉದ್ದದ ಅಂಚಿನಲ್ಲಿ ಮೂಲೆಯಿಂದ 22 ಮಿ.ಮೀ. ಬಿಟ್ಟು ಮೊದಲ ಗುರುತು, ಅಲ್ಲಿಂದ 12 ಮಿ.ಮೀ.ಗೊಂದರಂತೆ ಒಟ್ಟು 14. ಅಗಲದ ಅಂಚಿನಲ್ಲಿ 20.5 ಮಿ.ಮೀ. ಬಿಟ್ಟು ಅದೇ ಅಂತರದಲ್ಲಿ 8. ಹೀಗೆ 14+8+14+8, ಒಟ್ಟು 44. ತೂತಿನ ಅಗಲ 6 ಮಿ.ಮೀ. ಆದ್ದರಿಂದ ಅಂಚಿಗೂ ತೂತಿಗೂ ನಡುವೆ 4 ಮಿ.ಮೀ. ಬೋರ್ಡು ಉಳಿಯುತ್ತದೆ. ಇದಕ್ಕಿಂತ ಕಡಿಮೆ ಉಳಿಸಿದರೆ ನಾಲ್ಕು ಸಲ ಎತ್ತುವಷ್ಟರಲ್ಲಿ ಹರಿಯುತ್ತದೆ, ಹರಿದ ತೂತು ತಾನೇ ಕಚ್ಚಾಗುತ್ತದೆ. ಆಗ ಹಿಡಿಂಬಾಸುರನೂ ಅಮರರ ಗುಂಪಿಗೆ ಉದುರಿಬಿಡುತ್ತಾನೆ.

ಝೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್ ಮಷಿನ್ ಕಂಡಾಗ ಇದರಲ್ಲೇ ಹೊಡೆಸಿದರಾಯಿತು ಎನಿಸುತ್ತದೆ. ಬೇಡ. ಅದರ ತೂತು ಚಿಕ್ಕದು, ಅಂಚಿಗೆ ತೀರಾ ಹತ್ತಿರ, ತೂತುಗಳ ನಡುವಿನ ಜಾಗವೂ ಇಕ್ಕಟ್ಟು. ಪಕ್ಕಪಕ್ಕದ ಎರಡು ಕಚ್ಚು ಸೇರಿ ಒಂದೇ ಹಳ್ಳವಾಗುತ್ತದೆ. ಪ್ರೆಸ್‌ನ ಪೇಪರ್ ಡ್ರಿಲ್ಲೇ ಸರಿ. 40 ಕಾರ್ಡಿನ ಮೂರು ಕಂತೆ ಮಾಡಿ, ಕಂತೆಯ ಮೇಲೆ ಮಾದರಿ ಕಾರ್ಡು, ಅಡಿಗೆ ಹಳೆಯ ರಟ್ಟು ಇಟ್ಟು ಎರಡು ಕ್ಲಾಂಪ್ ಬಿಗಿಯಬೇಕು. ಅಡಿಯ ರಟ್ಟು ಇಲ್ಲದಿದ್ದರೆ ಕೊನೆಯ ನಾಲ್ಕೈದು ಕಾರ್ಡಿನ ತೂತಿನ ಅಂಚು ಸಿಪ್ಪೆ ಎದ್ದು, ಎತ್ತುವಾಗ ಪಕ್ಕದ ಕಾರ್ಡನ್ನು ಹಿಡಿದುಕೊಳ್ಳುತ್ತದೆ. ಮೂರು ಕಂತೆಗೆ ಒಟ್ಟು 132 ಡ್ರಿಲ್. ಕೊನೆಗೆ ಎಲ್ಲ ಕಾರ್ಡಿನ ಬಲ ಮೇಲ್ಮೂಲೆಯನ್ನು 15 ಮಿ.ಮೀ. ಓರೆಯಾಗಿ ಕತ್ತರಿಸಿ. ಮುಂದೆ ಯಾವುದಾದರೂ ಕಾರ್ಡು ತಲೆಕೆಳಗಾಗಿ ಸೇರಿದರೆ ಆ ಮೂಲೆಯಲ್ಲಿ ಮಾತ್ರ ಚುಚ್ಚಿಕೊಂಡು ಕಾಣುತ್ತದೆ.

ಮೇಲಂಚು: ಹಾನಿ ಎಷ್ಟು, ಸಾವು ಆಯಿತೇ

1ರಿಂದ 7ರವರೆಗಿನ ತೂತು ಹಾನಿಯದು: ಗಾಯ, ಕೈಕಾಲು, ತಲೆ, ಒಳಗಿನ ಅಂಗ, ದೇಹ ತುಂಡಾಗುವುದು, ಪುಡಿ ಅಥವಾ ಬೂದಿಯಾಗುವುದು, ಮುಪ್ಪು. ಒಂದು ಕಾರ್ಡಿಗೆ ಎಷ್ಟು ಬೇಕಾದರೂ ಕಚ್ಚು ಬೀಳಬಹುದು. ಆದರೆ ಕಥೆಯಲ್ಲಿ ಆದದ್ದಕ್ಕೆ ಮಾತ್ರ. "ಆಗಿದ್ದರೆ ಗುಣವಾಗುತ್ತಿತ್ತು" ಎಂಬ ಊಹೆಗೆ ಕಚ್ಚು ಇಲ್ಲ.

8ನೇ ತೂತು ಕಟ್ಟಿನ ಜೀವಾಳ: ಪ್ರಾಣ ಹೋಗಿತ್ತೇ? ಹೋಗಿ ಮರಳಿದ್ದರೆ ಪುನರ್ಜೀವನ, ಹೋಗದೆಯೇ ಕೂಡಿಕೊಂಡಿದ್ದರೆ ಪುನರುತ್ಪತ್ತಿ. ಗ್ರೀಕ್ ಕಥೆಯ ಪ್ರೊಮಿಥಿಯಸ್‌ನ ಯಕೃತ್ತನ್ನು (ಲಿವರ್) ಹದ್ದು ಹಗಲು ತಿನ್ನುತ್ತದೆ, ರಾತ್ರಿ ಬೆಳೆಯುತ್ತದೆ, ಅವನು ಸಾಯುವುದಿಲ್ಲ. 8 ಇಲ್ಲ. ಬಭ್ರುವಾಹನನ ಬಾಣಕ್ಕೆ ಬಿದ್ದ ಅರ್ಜುನ ಸತ್ತಿದ್ದಾನೆ, ಉಲೂಪಿ ತಂದ ಮಣಿಯಿಂದ ಏಳುತ್ತಾನೆ. 8 ಇದೆ.

9ನೇ ತೂತು "ಸಾವಿಲ್ಲ". ಇದನ್ನು 1ರ ಜತೆ ಕಲಸುವುದೇ ಇಂಥ ಪಟ್ಟಿಗಳ ದೊಡ್ಡ ರೋಗ. ಅಶ್ವತ್ಥಾಮನ ಕಾರ್ಡನ್ನು ಮೊದಲು ಮಾಡಿದರೆ ರೋಗ ತಾನಾಗಿ ವಾಸಿ. ಸೌಪ್ತಿಕ ಪರ್ವದ ಶಾಪದಂತೆ ಅವನು ಮೂರು ಸಾವಿರ ವರ್ಷ ಕೀವು-ರಕ್ತದ ನಾತ ಹೊತ್ತು ಅಲೆಯಬೇಕು. ಸಾಯುವುದಿಲ್ಲ, ವಾಸಿಯೂ ಆಗುವುದಿಲ್ಲ. 9ಕ್ಕೆ ಕಚ್ಚು, 1ರಿಂದ 7ರವರೆಗೆ ಒಂದೂ ಇಲ್ಲ. ಗ್ರೀಕರ ಟಿಥೋನಸ್ ಕೂಡ ಹೀಗೇ: ಸಾವಿಲ್ಲದ ವರ ಸಿಕ್ಕಿತು, ಮುಪ್ಪು ಮಾತ್ರ ನಿಲ್ಲಲಿಲ್ಲ. ರಾಹು-ಕೇತು ಇನ್ನೊಂದು ಬಗೆ. ತುಂಡಾದರೂ ಎರಡೂ ಬದುಕಿವೆ, ಕೂಡುವುದು ಮಾತ್ರ ಎಂದೂ ಇಲ್ಲ.

10, 11, 12 "ಎಷ್ಟು ಉಳಿದಿರಬೇಕು" ಎಂಬುದಕ್ಕೆ. ಜಪಾನಿ ಕಾಮಿಕ್ಸ್ ಡ್ರ್ಯಾಗನ್ ಬಾಲ್‌ನ ಪಿಕೊಲೊ ಕೈ ಹೋದರೆ ಬೆಳೆಸಿಕೊಳ್ಳುತ್ತಾನೆ, ತಲೆ ಮಾತ್ರ ಉಳಿದಿರಬೇಕು: 10. ಅದೇ ಕಥೆಯ ಸೆಲ್ ತನ್ನನ್ನೇ ಸಿಡಿಸಿಕೊಂಡ ಮೇಲೂ ಉಳಿದ ಒಂದು ಕಣದಿಂದ ಮರಳುತ್ತಾನೆ: 11. ಏನೂ ಉಳಿಯಬೇಕಿಲ್ಲದವರಿಗೆ 12. ಕತ್ತರಿಸಿದ ತುಂಡುಗಳನ್ನು ಜೋಡಿಸಿಟ್ಟು ಬದುಕಿಸುವ ಕಥೆಗಳಿಗೆ 13. ಸ್ಟಿತ್ ಥಾಂಪ್ಸನ್ ಅವರ ಜನಪದ ಆಶಯ ಸೂಚಿಯಲ್ಲಿ (ಮೋಟಿಫ್ ಇಂಡೆಕ್ಸ್) ಇದಕ್ಕೆ "ಇ" ವಿಭಾಗದ 30ನೇ ಸಂಖ್ಯೆ ಇದೆ. ಅದನ್ನು ಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟರೆ ಬೇರೆ ದೇಶದ ಕಥೆ ಹುಡುಕುವಾಗ ಕೈಗೆ ಬರುತ್ತದೆ. 14 ಖಾಲಿ.

ಮೇಲಂಚಿನ ಈ ಹಂಚಿಕೆ ಸರಿಯೇ ಎಂದು ನೋಡಲು ವಾಲ್ಮೀಕಿಯೇ ಒಂದು ಪರೀಕ್ಷೆ ಕೊಟ್ಟಿದ್ದಾನೆ. ಯುದ್ಧಕಾಂಡದಲ್ಲಿ ಹನುಮಂತ ತರಬೇಕಾದ ಮೂಲಿಕೆ ಒಂದಲ್ಲ, ನಾಲ್ಕು. ಮೃತಸಂಜೀವನಿ ಸತ್ತವರನ್ನು ಎಬ್ಬಿಸುತ್ತದೆ, ವಿಶಲ್ಯಕರಣಿ ನೆಟ್ಟ ಬಾಣ ಕಳಚುತ್ತದೆ, ಸೌವರ್ಣಕರಣಿ ಮೈಬಣ್ಣ ಮರಳಿಸುತ್ತದೆ, ಸಂಧಾನಿ ಮುರಿದದ್ದನ್ನು ಕೂಡಿಸುತ್ತದೆ. ನಾಲ್ಕು ಬಗೆಯ ಹಾನಿಗೆ ನಾಲ್ಕು ಮದ್ದು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಎಲ್ಲವನ್ನೂ "ಸಂಜೀವಿನಿ" ಎಂಬ ಒಂದೇ ಹೆಸರಿಗೆ ಕಟ್ಟಿದ್ದು ನಂತರದ ನಾವು. ಕಟ್ಟಿನಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಕಾರ್ಡು ಮಾಡಿ.

ಬಲಂಚು: ಶಕ್ತಿ ಯಾರದು

15 ಸ್ವಂತ ದೇಹ, 16 ವರ ಅಥವಾ ಶಾಪ, 17 ಇನ್ನೊಬ್ಬರ ಮಂತ್ರವಿದ್ಯೆ, 18 ಮೂಲಿಕೆ-ಮಣಿಯಂಥ ವಸ್ತು, 19 ಹೊರಗಿಟ್ಟ ಪ್ರಾಣ, 20 ಯಂತ್ರ-ವಿಜ್ಞಾನ, 21 ದೈವದ ನೇರ ಕೃಪೆ. 22 ಖಾಲಿ.

17ನ್ನು ಕಚನ ಮೇಲೆ ಪ್ರಯೋಗಿಸಿ ನೋಡಿ. ಆದಿಪರ್ವದಲ್ಲಿ ದಾನವರು ಅವನನ್ನು ಮೂರು ಸಲ ಕೊಲ್ಲುತ್ತಾರೆ. ಮೊದಲ ಸಲ ತುಂಡರಿಸಿ ತೋಳಗಳಿಗೆ ಹಾಕುತ್ತಾರೆ, ಎರಡನೇ ಸಲ ಅರೆದು ಸಮುದ್ರದ ನೀರಿಗೆ ಕಲಸುತ್ತಾರೆ, ಮೂರನೇ ಸಲ ಸುಟ್ಟ ಬೂದಿಯನ್ನು ಮದ್ಯದಲ್ಲಿ ಬೆರೆಸಿ ಶುಕ್ರಾಚಾರ್ಯರಿಗೇ ಕುಡಿಸುತ್ತಾರೆ. ಮೂರು ಸಲವೂ ಎಬ್ಬಿಸಿದ್ದು ಶುಕ್ರರ ವಿದ್ಯೆ. ಕಚನ ಮೈಯಲ್ಲಿ ಅಂಥ ಗುಣವೇನೂ ಇಲ್ಲ. ಆದ್ದರಿಂದ 5, 6, 8, 17. 15ಕ್ಕೆ ಕಚ್ಚು ಹಾಕಿದರೆ ತಪ್ಪು. ಹೊಟ್ಟೆಯೊಳಗೇ ಮಂತ್ರ ಕಲಿತು, ಹೊಟ್ಟೆ ಸೀಳಿ ಹೊರಬಂದು, ಸತ್ತ ಗುರುವನ್ನು ಎಬ್ಬಿಸಿದ ಮೇಲೆ ಕಚನೂ ಎಬ್ಬಿಸುವವನಾದ. ಆ ಶುಕ್ರರಿಗೆ, ಅಂದರೆ ಎಬ್ಬಿಸಲ್ಪಟ್ಟ ಶುಕ್ರರಿಗೆ, ಇನ್ನೊಂದು ಕಾರ್ಡು. ನಿಯಮ ಇಷ್ಟು: ಕಾರ್ಡು ಎದ್ದವನದು, ಎಬ್ಬಿಸಿದವನದಲ್ಲ. ಎಬ್ಬಿಸಿದವನ ಹೆಸರು ಕಾರ್ಡಿನ ಮಧ್ಯೆ ಬರೆಯುವ ವಿವರಕ್ಕೆ ಸೇರಿದ್ದು.

19 ನಮ್ಮ ಅಜ್ಜಿಕಥೆಗಳ ತವರು. ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸನ ಪ್ರಾಣ, ಮೈರಾವಣನ ಪ್ರಾಣ ಕೆಲವು ಪಾಠಗಳಲ್ಲಿ (ಅಂದರೆ ಕಥೆಯ ರೂಪಗಳಲ್ಲಿ) ದುಂಬಿಯಲ್ಲಿ, ಕೆಲವದರಲ್ಲಿ ಐದು ದೀಪಗಳಲ್ಲಿ. ರಷ್ಯದ ಕೊಶ್ಚೇಯ್‌ನದು ಮೊಟ್ಟೆಯೊಳಗಿನ ಸೂಜಿಯಲ್ಲಿ. ಇವರಿಗೆಲ್ಲ 19, ಜತೆಗೆ ಎಡಂಚಿನ 38. ಆದರೆ ಪ್ರಾಣ ಹೊರಗಿಟ್ಟ ಮಾತ್ರಕ್ಕೆ ದೇಹ ಮರಳುವುದಿಲ್ಲ. ಹ್ಯಾರಿ ಪಾಟರ್ ಕಥೆಯ ವೋಲ್ಡೆಮಾರ್ಟ್ ಆತ್ಮವನ್ನು ಚೂರು ಮಾಡಿ ವಸ್ತುಗಳಲ್ಲಿ ಅಡಗಿಸಿದ್ದ. ದೇಹ ನಾಶವಾದಾಗ ಅವು ಅವನನ್ನು ಸಾಯಗೊಡಲಿಲ್ಲ, ಅಷ್ಟೆ. ದೇಹ ಬರಲು ತಂದೆಯ ಮೂಳೆ, ಸೇವಕನ ಮಾಂಸ, ವೈರಿಯ ರಕ್ತ ಹಾಕಿ ಬೇರೆಯೇ ಕ್ರಿಯೆ ನಡೆಯಬೇಕಾಯಿತು. ಅದಕ್ಕೇ ಅವನ ಕಾರ್ಡಿನಲ್ಲಿ 19 ಮತ್ತು 18 ಎರಡೂ ಇವೆ, 8 ಇಲ್ಲ.

ಕೆಳಂಚು: ಮರಳಿದ್ದು ಏನು

23 ಮೊದಲಿನಂತೆಯೇ, 24 ಅಂಗ ಬದಲು, 25 ದೇಹವೇ ಬದಲು, 26 ಸಂಖ್ಯೆ ಹೆಚ್ಚು, 27 ನೆನಪು ಪೂರ್ತಿ, 28 ನೆನಪು ಅಳಿದಿದೆ. 29, 30, 31 ವೇಗ: ತಕ್ಷಣ, ಒಂದು ದಿನದೊಳಗೆ, ಅದಕ್ಕೂ ನಿಧಾನ. 32 ಖಾಲಿ. 33ರಿಂದ 36ರವರೆಗಿನ ತೂತು ಎಷ್ಟು ಸಲ ಮರಳಿದರು ಎಂದು ಎಣಿಸಲು.

ಗಣಪತಿಗೆ ಆನೆತಲೆ, ದಕ್ಷನಿಗೆ ಟಗರಿನ ತಲೆ: ಇಬ್ಬರಿಗೂ 24. ರೇಣುಕೆಗೆ 28 ತಪ್ಪದೆ ಬೇಕು. ತಾಯಿ ಬದುಕಲಿ ಎಂದಷ್ಟೇ ಅಲ್ಲ, ಕೊಂದ ನೆನಪೂ ಅವಳಿಗೆ ಇರಬಾರದು ಎಂದು ವನಪರ್ವದ ಪರಶುರಾಮ ಕೇಳಿಕೊಳ್ಳುತ್ತಾನೆ. ಎಲ್ಲಮ್ಮನ ಕಥೆಯ ಕೆಲವು ಜನಪದ ಪಾಠಗಳಲ್ಲಿ ತಲೆಗಳು ಅದಲುಬದಲಾಗುತ್ತವೆ, ಅದಕ್ಕೆ 24ರ ಬೇರೆ ಕಾರ್ಡು. ಕಚನಿಗೆ 27: ನಿಮ್ಮ ಕೃಪೆಯಿಂದ ನೆನಪು ಹೋಗಿಲ್ಲ ಎಂದು ಹೊಟ್ಟೆಯೊಳಗಿಂದ ಅವನೇ ಹೇಳುತ್ತಾನೆ.

26 ಮತ್ತು 23 ಒಂದೇ ಕಾರ್ಡಿನಲ್ಲಿ ಬಂದರೆ ನಿಂತು ಯೋಚಿಸಿ. ಗ್ರೀಕರ ಹಲವು ತಲೆಯ ಹಾವು, ಲೆರ್ನಾದ ಹೈಡ್ರಾಗೆ ಒಂದು ತಲೆ ಕಡಿದರೆ ಎರಡು ಬರುತ್ತವೆ. ಹಾನಿಯಾದದ್ದೂ ತುಂಬಿತು, ಹೆಚ್ಚೂ ಆಯಿತು: 3, 26. ರಕ್ತಬೀಜನಿಗೆ ಮೇಲಂಚು ಪೂರ್ತಿ ಖಾಲಿ, ಕೆಳಂಚಿನಲ್ಲಿ 26 ಮಾತ್ರ. ಇಬ್ಬರನ್ನೂ "ಕಡಿದಷ್ಟೂ ಹೆಚ್ಚುವವರು" ಎಂದು ಒಂದೇ ಗೂಡಿಗೆ ಹಾಕುವವರು ಕೊನೆಯ ಯುದ್ಧವನ್ನು ಗಮನಿಸಿಲ್ಲ. ಚಾಮುಂಡೆ ರಕ್ತ ನೆಲಕ್ಕೆ ಬೀಳದಂತೆ ಕುಡಿದಳು, ಮೂಲ ರಕ್ತಬೀಜ ರಕ್ತವಿಲ್ಲದೆ ಬಿದ್ದ. ಅವನ ಸ್ವಂತ ಮೈಗೆ ಯಾವ ರಕ್ಷಣೆಯೂ ಇರಲಿಲ್ಲ.

23ಕ್ಕೂ 24ಕ್ಕೂ ಇರುವ ವ್ಯತ್ಯಾಸ ಕಲಿಸಲು ಗೋಡೆಯ ಮೇಲಿನ ಹಲ್ಲಿಯದೊಂದು ಕಾರ್ಡು ಇಡಿ. ಕಳಚಿದ ಬಾಲ ಮತ್ತೆ ಬರುತ್ತದೆ, ಆದರೆ ಒಳಗೆ ಬೆನ್ನುಮೂಳೆಯ ಕೀಲುಗಳ ಬದಲು ಮೃದ್ವಸ್ಥಿಯ ಕೊಳವೆ ಇರುತ್ತದೆ. 23 ಅಲ್ಲ, 24. ನಿಜ ಪ್ರಾಣಿಯ ಮೇಲೆ ಈ ವ್ಯತ್ಯಾಸ ಕಂಡವರು ಕಥೆಯ ಪಾತ್ರಗಳಿಗೆ 23 ಕಚ್ಚುವ ಮುನ್ನ ಎರಡು ಸಲ ನೋಡುತ್ತಾರೆ.

33, 34, 35, 36 ತೂತುಗಳ ಬೆಲೆ ಕ್ರಮವಾಗಿ 7, 4, 2, 1. ಇವನ್ನು ಕೂಡಿಸಿ 14ರವರೆಗಿನ ಯಾವ ಸಂಖ್ಯೆಯನ್ನಾದರೂ ಬರೆಯಬಹುದು. ಕಚನ ಮೂರು ಸಲಕ್ಕೆ 2+1. 1966ರಲ್ಲಿ ಮೊದಲ ಸಲ ಮುಖ ಬದಲಿಸಿದ ಬ್ರಿಟಿಷ್ ಟಿವಿಯ ಡಾಕ್ಟರ್ ಹೂಗೆ 1976ರ ಕಥೆಯಲ್ಲಿ 12 ಬದಲಾವಣೆಯ ಮಿತಿ ಹೇಳಲಾಯಿತು: 7+4+1. ಅವನಿಗೆ 25 ಮತ್ತು 27 ಕೂಡ. ಸಾವಿನ ಹೊಸ್ತಿಲಲ್ಲಿ ಬದಲಾಗುತ್ತಾನೆಯೇ ಹೊರತು ಸತ್ತು ಏಳುವುದಿಲ್ಲವಾದ್ದರಿಂದ 8 ಇಲ್ಲ. 2013ರಲ್ಲಿ ಹೊಸ ಸರಣಿಯ ಬದಲಾವಣೆಗಳು ಸಿಕ್ಕವು. ಅದಕ್ಕೆ ಪ್ರತ್ಯೇಕ ಕಾರ್ಡು.

ಎಡಂಚು: ನಿಲ್ಲಿಸುವ ದಾರಿ

ಒಂದೇ ಅಂಚಿಗೆ ಸಮಯವಿದ್ದರೆ ಇದನ್ನು ಮಾಡಿ. ಶಕ್ತಿಯ ಒಳಗುಟ್ಟು ಬಯಲಾಗುವುದು ಅದು ಸೋಲುವ ಜಾಗದಲ್ಲಿ. 37 ನೆಲ ಅಥವಾ ಸಂಪರ್ಕ ತಪ್ಪಿಸುವುದು (ರಕ್ತಬೀಜ, ಹರ್ಕ್ಯುಲಿಸ್ ನೆಲದಿಂದ ಎತ್ತಿಹಿಡಿದು ಕೊಂದ ಗ್ರೀಕರ ಆಂಟಿಯಸ್), 38 ಮರ್ಮ ಅಥವಾ ಪ್ರಾಣದ ಮೂಲ, 39 ವರದ ಸಂದು, 40 ದಾಸ್ತಾನು ಮುಗಿಯುವುದು, 41 ಸುಟ್ಟು ಮುಚ್ಚುವುದು (ಹರ್ಕ್ಯುಲಿಸ್ ಜತೆಗಿದ್ದ ಇಯೊಲಸ್ ಕೊಳ್ಳಿ ಹಿಡಿದು ಹೈಡ್ರಾದ ಕುತ್ತಿಗೆ ಸುಟ್ಟಂತೆ), 42 ನಿಗದಿತ ಅಸ್ತ್ರ, 43 ದಾರಿ ಇಲ್ಲ, 44 ಗಡುವು. ಫುಲ್‌ಮೆಟಲ್ ಆಲ್ಕೆಮಿಸ್ಟ್‌ನ ಕೃತಕ ಮನುಷ್ಯರಾದ ಹೋಮಂಕ್ಯುಲಸ್‌ಗಳು 40ಕ್ಕೆ ಒಳ್ಳೆಯ ಉದಾಹರಣೆ. ಒಳಗಿನ ಕಲ್ಲಿನ ಪ್ರಾಣಗಳು ಖರ್ಚಾಗುವವರೆಗೆ ಏಳುತ್ತಲೇ ಇರುತ್ತಾರೆ.

39ರಲ್ಲಿ ಎಚ್ಚರ ಬೇಕು. ಹಿರಣ್ಯಕಶಿಪು, ಮಹಿಷ, ಇಲ್ಲೇ ಪಕ್ಕದ ಹರಿಹರದ ಗುಹಾಸುರ: ಮೂವರದೂ ಸಾಯದಿರುವ ಶರತ್ತು, ಮೈ ಕೂಡುವ ಶಕ್ತಿ ಅಲ್ಲ. ಹರಿಯಿಂದಲೂ ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು ಎಂಬುದು ಸ್ಥಳಪುರಾಣ. 1223–24ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯ ಮೂರ್ತಿ ಅದೇ ರೂಪದ್ದು. ಗುಹಾಸುರನಿಗೆ 16 ಮತ್ತು 39 ಎರಡೇ ಕಚ್ಚು. ಇಂಥ ಕಾರ್ಡುಗಳನ್ನು ಕಟ್ಟಿನಿಂದ ಹೊರಗಿಡಬೇಕೆಂದು ಹಲವರು ಹೇಳುತ್ತಾರೆ. ಇಡುವುದೇ ಮೇಲು, 1ರಿಂದ 8ರವರೆಗೆ ಖಾಲಿ ಅಂಚು ಕಂಡಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಪಾತ್ರಕ್ಕೊಂದಲ್ಲ, ಪಾಠಕ್ಕೊಂದು ಕಾರ್ಡು

ಮಹಾಭಾರತದ ಸಭಾಪರ್ವದಲ್ಲಿ ಭೀಮ ಜರಾಸಂಧನನ್ನು ಗಿರಗಿರನೆ ತಿರುಗಿಸಿ ಮೊಣಕಾಲಿಗೆ ಕೊಟ್ಟು ಬೆನ್ನು ಮುರಿಯುತ್ತಾನೆ, ಅಲ್ಲಿಗೆ ಕಥೆ ಮುಗಿಯಿತು. ಸೀಳಿದ ಎರಡು ಹೋಳು ಮತ್ತೆ ಮತ್ತೆ ಕೂಡುವುದು, ಕೃಷ್ಣ ಕಡ್ಡಿ ಸೀಳಿ ಅದಲುಬದಲು ಎಸೆದು ತೋರಿಸುವುದು ನಾವೆಲ್ಲ ಕೇಳಿ ಬೆಳೆದ ಜನಪ್ರಿಯ ಪಾಠ. ಮೊದಲನೆಯದಕ್ಕೆ ಒಂದೂ ಕಚ್ಚಿಲ್ಲ. ಎರಡನೆಯದಕ್ಕೆ 5, 15, 23, 29, 37. ರಾವಣನೂ ಹಾಗೆ: ವಾಲ್ಮೀಕಿಯಲ್ಲಿ ನೂರು ತಲೆ ಕಡಿದರೂ ಮೊಳೆಯುತ್ತವೆ, ಮಾತಲಿ ನೆನಪಿಸಿದ ಮೇಲೆ ಬ್ರಹ್ಮಾಸ್ತ್ರ ಎದೆಗೆ ಬೀಳುತ್ತದೆ (3, 42). ಅಧ್ಯಾತ್ಮ ರಾಮಾಯಣದಲ್ಲಿ ಹೊಕ್ಕುಳ ಹತ್ತಿರದ ಅಮೃತದ ಗುಟ್ಟು ವಿಭೀಷಣ ಹೇಳುತ್ತಾನೆ (3, 18, 38). ಎರಡನ್ನೂ ಒಂದೇ ಕಾರ್ಡಿಗೆ ತುಂಬಿದರೆ ಯಾವ ಕೃತಿಯಲ್ಲೂ ಇಲ್ಲದ ಮೂರನೇ ರಾವಣ ಹುಟ್ಟುತ್ತಾನೆ.

ಕಾಮಿಕ್ಸ್ ಪಾತ್ರಗಳಿಗೆ ಈ ನಿಯಮ ಇನ್ನೂ ಬಿಗಿ, ಏಕೆಂದರೆ ಲೇಖಕರು ಬದಲಾದಂತೆ ಶಕ್ತಿಯೂ ಏರಿಳಿಯುತ್ತದೆ. 1974ರಲ್ಲಿ ಬಂದ ವೊಲ್ವರಿನ್ 2014ರ ಕಥೆಯಲ್ಲಿ ಆ ಶಕ್ತಿ ಕಳೆದುಕೊಂಡ ಬಳಿಕ ಸಾಯುತ್ತಾನೆ. ಹೆಸರಿನ ಪಕ್ಕ ಇಸವಿ ಇಲ್ಲದ ಕಾಮಿಕ್ಸ್ ಕಾರ್ಡನ್ನು ಕಟ್ಟಿಗೆ ಸೇರಿಸಬೇಡಿ.

ಕಚ್ಚು ಹಾಕಿ ಎತ್ತುವುದು

ಮೊದಲು ಪೆನ್ಸಿಲ್‌ನಲ್ಲಿ ಗುರುತು, ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಕತ್ತರಿ. ತೂತಿನ ಎರಡೂ ಪಕ್ಕದಿಂದ ಅಂಚಿಗೆ ಒಂದೊಂದು ಕತ್ತರಿಸಿ, ಬಾಯಿ ತೂತಿಗಿಂತ ತುಸು ಅಗಲವಾಗಿರಲಿ, 7–8 ಮಿ.ಮೀ. ಬಾಯಿ ಕಿರಿದಾದರೆ ಕಾರ್ಡು ಕಡ್ಡಿಗೆ ಸಿಕ್ಕಿಕೊಂಡು ಉದುರುವುದಿಲ್ಲ, ಇದ್ದವನು ಇಲ್ಲದವನಾಗುತ್ತಾನೆ. ತೀರಾ ಅಗಲವಾದರೆ ಪಕ್ಕದ ತೂತಿನ ಗೋಡೆ ಸೊರಗುತ್ತದೆ.

120 ಕಾರ್ಡಿನ ತೂಕ ಸುಮಾರು 900 ಗ್ರಾಂ, ದಪ್ಪ ಸುಮಾರು 5 ಸೆಂ.ಮೀ. ಎಲ್ಲವನ್ನೂ ಒಮ್ಮೆಗೇ ಎತ್ತಬೇಡಿ. 40ರಂತೆ ಎತ್ತಿ, ಕಡ್ಡಿಯ ಮೇಲೆ ಕಾರ್ಡುಗಳನ್ನು ಬೀಸಣಿಗೆಯಂತೆ ಬಿಡಿಸಿ ಎರಡು ಸಲ ಅಲುಗಿಸಿ. ಎರಡೂ ಗುಣ ಬೇಕೆಂದರೆ ಮೊದಲ ತೂತಿಗೆ ಉದುರಿದವನ್ನು ಮಾತ್ರ ಎರಡನೇ ತೂತಿಗೆ ಹಾಕಿ. ಎರಡರಲ್ಲಿ ಒಂದು ಸಾಕೆಂದರೆ ಮೊದಲು ಉದುರಿದವನ್ನು ಪಕ್ಕಕ್ಕಿಟ್ಟು, ಕಡ್ಡಿಯಲ್ಲಿ ಉಳಿದವಕ್ಕೆ ಎರಡನೇ ತೂತು. "ಇಲ್ಲ" ಎಂಬ ಗುಣ ಬೇಕಾದರೆ ಕಡ್ಡಿಯಲ್ಲಿ ಉಳಿದವೇ ಉತ್ತರ. 8 ಮತ್ತು 28 ಹಾಕಿದರೆ ರೇಣುಕೆ ಉದುರಬೇಕು, ಕಚ ಉಳಿಯಬೇಕು. ಹಾಗಾಗದಿದ್ದರೆ ಕಚ್ಚು ನೋಡಿ.

ಸಂಖ್ಯೆಯ ತೂತುಗಳಲ್ಲಿ ಸುಳ್ಳು ಉತ್ತರ ಬರುವುದು ಹೆಚ್ಚು. 5 ಸಲ ಎದ್ದವರು ಬೇಕೆಂದು 4 ಮತ್ತು 1ರ ತೂತಿಗೆ ಕಡ್ಡಿ ಹಾಕಿದರೆ 12ರ ಡಾಕ್ಟರನೂ ಉದುರುತ್ತಾನೆ, ಅವನಲ್ಲೂ 4 ಮತ್ತು 1 ಇವೆಯಲ್ಲ. ಉದುರಿದವನ್ನು 7ರ ತೂತಿಗೆ, ಆಮೇಲೆ 2ರ ತೂತಿಗೆ ಹಾಕಿ ಕಡ್ಡಿಯಲ್ಲಿ ಉಳಿದವನ್ನು ಮಾತ್ರ ತೆಗೆದುಕೊಳ್ಳಬೇಕು. ಒಂದೇ ಕಾರ್ಡಿಗೆ ಎರಡು ಸಂಖ್ಯೆ ಬರೆಯುವುದಂತೂ ಕೂಡದು: 1 ಮತ್ತು 2 ಎಂದು ಕಚ್ಚಿದರೆ ಅದು 3 ಎಂದೇ ಉದುರುತ್ತದೆ.

ಕೆಡುವುದು, ರಿಪೇರಿ

ತಪ್ಪು ಕಚ್ಚಿಗೆ ಸೆಲ್ಲೋಟೇಪ್ ಹಾಕಿದರೆ ಬೇಸಿಗೆಯಲ್ಲಿ ಅಂಟು ಕರಗಿ ಪಕ್ಕದ ಕಾರ್ಡಿಗೆ ಹತ್ತುತ್ತದೆ. ಎರಡು ಕಾರ್ಡು ಜೋಡಿಯಾಗಿ ಏಳುತ್ತವೆ, ಜೋಡಿಯಾಗಿ ಉದುರುತ್ತವೆ. ಬದಲಿಗೆ ಕಂದು ಗಮ್ ಟೇಪಿನ 12×15 ಮಿ.ಮೀ. ತುಂಡನ್ನು ಎರಡೂ ಬದಿಗೆ ಅಂಟಿಸಿ, ಭಾರ ಹೇರಿ ಒಣಗಿಸಿ, ಇಕ್ಕಳದ ಪಂಚ್‌ನಿಂದ ಹೊಸ ತೂತು ಹಾಕಿ. ಅದೇ ಬೋರ್ಡಿನ ತುಂಡು ಅಂಟಿಸಿದರೆ ಆ ಜಾಗ ಇಮ್ಮಡಿ ದಪ್ಪವಾಗಿ ಕಟ್ಟು ಒಂದು ಮೂಲೆಗೆ ಉಬ್ಬುತ್ತದೆ. ಒಂದೇ ಕಾರ್ಡಿನಲ್ಲಿ ಮೂರು ತೇಪೆ ಆದರೆ ಹೊಸ ಕಾರ್ಡು ಬರೆಯುವುದೇ ಅಗ್ಗ.

ಮಾರ್ಚ್-ಏಪ್ರಿಲ್‌ನ ಒಣ ಬಿಸಿಲಲ್ಲಿ ಕಾರ್ಡುಗಳು ಬಾಗಿ ಒಂದರೊಳಗೊಂದು ಕೂರುತ್ತವೆ. ಪೆಟ್ಟಿಗೆಯ ಒಳ ಅಳತೆ 206×131 ಮಿ.ಮೀ. ಇರಲಿ, ಖಾಲಿ ಉಳಿಯುವ ಜಾಗಕ್ಕೆ ರಟ್ಟಿನ ಒತ್ತು ಕೊಟ್ಟು ಬಿಗಿಯಾಗಿ ನಿಲ್ಲಿಸಿ. ಜಾರದೆ ಅಂಟಿಕೊಂಡರೆ ಚಿಟಿಕೆ ಮುಖದ ಪೌಡರ್ ಉದುರಿಸಿ ಬಟ್ಟೆಯಿಂದ ಒರೆಸಿದರೆ ಸಾಕು. ಇನ್ನು ಎಣ್ಣೆ. ಮಂಡಕ್ಕಿ-ಮಿರ್ಚಿ ತಿಂದ ಕೈಯಲ್ಲಿ ಕಾರ್ಡು ಮುಟ್ಟಬಾರದು. ಎಣ್ಣೆ ಹೀರಿದ ಅಂಚು ಮೆತ್ತಗಾಗಿ ಮೊದಲು ಹರಿಯುವುದು ಅಲ್ಲೇ. ಈ ಊರಲ್ಲಿ ಸಂಜೆ ಹೊತ್ತು ಕಟ್ಟು ಬಿಚ್ಚುವವರು ಇದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಬರೆದಿಡುವುದು ಒಳ್ಳೆಯದು.

ಆರು ಕಾರ್ಡನ್ನು ಒಂದೂ ಕಚ್ಚಿಲ್ಲದೆ ಇಡಬೇಕು, ತೂತು ಹರಿದಿದೆಯೇ ಎಂದು ಪರೀಕ್ಷಿಸಲು. ಚಿತ್ರದುರ್ಗದ ಕೋಟೆಯ ಗುಡಿಗೆ ಹೆಸರು ಕೊಟ್ಟ ಹಿಡಿಂಬ ಇದಕ್ಕೆ ಹೇಳಿಸಿದಂತಿದ್ದಾನೆ: ಭೀಮನ ಕೈಯಲ್ಲಿ ಸತ್ತ, ಸತ್ತೇ ಉಳಿದ. ಬಕ, ಕೀಚಕ, ದುಶ್ಶಾಸನ, ವಾಲಿ, ಸಭಾಪರ್ವದ ಜರಾಸಂಧ ಉಳಿದ ಐವರು. ತಿಂಗಳಿಗೊಮ್ಮೆ ಈ ಆರನ್ನು ಬೇರೆ ತೆಗೆದು 44 ತೂತಿಗೂ ಕಡ್ಡಿ ಹಾಕಿ ಎತ್ತಿ. ಆರೂ ಕಡ್ಡಿಯಲ್ಲೇ ನಿಲ್ಲಬೇಕು. ಯಾವುದಾದರೂ ಉದುರಿದರೆ ಆ ಕಾರ್ಡಿಗೆ ಗಮ್ ಟೇಪ್ ಹಾಕಿ, ಅದೇ ನಂಬರಿನ ತೂತನ್ನು ಇಡೀ ಕಟ್ಟಿನಲ್ಲಿ ನೋಡಿ. ಹೆಚ್ಚು ಕೇಳುವ 8ನೇ ತೂತು ಎಲ್ಲಕ್ಕಿಂತ ಮೊದಲು ಸವೆಯುತ್ತದೆ.

14, 22, 32ನೇ ತೂತುಗಳು ಸದ್ಯಕ್ಕೆ ಖಾಲಿ. 14ಕ್ಕೆ ಕಾದು ನಿಂತಿರುವ ಪ್ರಶ್ನೆ ಯಯಾತಿಯದು: ಪುರುವಿನ ಯೌವನ ಪಡೆದ ಅವನಿಗೆ 7 ಕಚ್ಚಿದೆ, ಆದರೆ ಆ ಮುಪ್ಪು ಎಲ್ಲಿಗೂ ಹೋಗಲಿಲ್ಲ, ಮಗನ ಮೈ ಸೇರಿತು. ಅಶ್ವಿನಿದೇವತೆಗಳೊಂದಿಗೆ ಕೊಳದಲ್ಲಿ ಮುಳುಗೆದ್ದು ಯುವಕನಾದ ಚ್ಯವನನ ಮುಪ್ಪು ಯಾರಿಗೂ ಅಂಟಲಿಲ್ಲ. ಇಬ್ಬರೂ 7ರಲ್ಲೇ ಒಟ್ಟಿಗೆ ಉದುರುತ್ತಿದ್ದಾರೆ. ಹಾನಿ ಇನ್ನೊಬ್ಬರಿಗೆ ವರ್ಗವಾದ ಕಾರ್ಡು ಇನ್ನೆರಡು ಸಿಕ್ಕಿದರೆ 14 ಅದಕ್ಕೆ; ಒಂದೇ ಪಾತ್ರಕ್ಕಾಗಿ ತೂತು ಖರ್ಚು ಮಾಡುವುದಿಲ್ಲ.